ಗರಗಸನ ಕೊನೆಯ ಮಾತು

"ಬಾಯಿ ಆಡಿಸಬೇಡಿ," ಎಂದ ಅವನು, ಆಕೆಯ ಬಲಗಿವಿಯೊಳಗೆ ಗುಲಾಬಿ ಬಣ್ಣದ ಮುದ್ದೆಯನ್ನು ಸಿರಿಂಜಿನಿಂದ ಒತ್ತುತ್ತ. "ಇದು ಗಟ್ಟಿಯಾಗೋ ತನಕ ದವಡೆ ಅಲುಗಬಾರದು. ಅಲುಗಿದ್ರೆ ಅಚ್ಚು ಕೆಡುತ್ತೆ. ಅಚ್ಚು ಕೆಟ್ರೆ ಮಿಷಿನ್ ಕಿವೀಲಿ ಸರಿಯಾಗಿ ಕೂರಲ್ಲ, ದಿನಾ ಕುಂಯ್ ಅಂತಿರುತ್ತೆ."

ಆಕೆ ಸುಮ್ಮನೆ ಗೋಡೆ ನೋಡುತ್ತ ಕೂತಿದ್ದಳು. ಪಕ್ಕದಲ್ಲಿ ನಿಂತು ಹೇಳಿದ್ದು ಆಕೆಗೆ ಕೇಳಿಸಿಲ್ಲವೆಂದು ಹೊಳೆದು, ಅವನು ಎದುರಿಗೆ ಬಂದು ಮುಖ ತೋರಿಸಿ ಅದನ್ನೇ ಇನ್ನೊಮ್ಮೆ ಹೇಳಿದ. ಆಕೆ ಅವನ ತುಟಿ ನೋಡಿ ತಲೆಯಾಡಿಸಿದಳು. ಆಮೇಲೆ ಸಿರಿಂಜ್ ಹಿಡಿದ ಅವನ ಕೈಯನ್ನೇ ನೋಡುತ್ತ ಬಾಯಿ ತೆರೆದಳು.

"ಮಣಿಕಟ್ಟಿನ ಮೇಲೆ ಬರೆಸಿಕೊಂಡಿದ್ದೀರಲ್ಲ, ಅದು ಯಾರ ಮಾತು?"

ಅವನ ಎಡ ಮಣಿಕಟ್ಟಿನ ಒಳಬದಿಯಲ್ಲಿ, ನರದ ಪಕ್ಕದಲ್ಲಿ, ನೀಲಿ ಹಚ್ಚೆ ಇತ್ತು. ಸಾಕು. ಎರಡೇ ಅಕ್ಷರ. ಅಂಗಡಿಗೆ ಬರುವ ಮುದುಕರು ಅದನ್ನು ನೋಡಿ, ಇಷ್ಟು ಚಿಕ್ಕ ವಯಸ್ಸಿಗೇ ಏನಪ್ಪಾ ಸಾಕಾಯ್ತು ಎಂದು ಕೇಳಿ ನಗುತ್ತಿದ್ದರು. ಅವನೂ ನಗುತ್ತಿದ್ದ.

"ಗರಗಸ ಅಂತ, ಹಾಡೋರು. ತೀರಿಕೊಂಡ್ರು. ನಿಮಗೆ ಗೊತ್ತಿರಲಿಕ್ಕಿಲ್ಲ. ದಯವಿಟ್ಟು ಮಾತಾಡಬೇಡಿ."

"ಯಾರಿಗೆ ಹೇಳಿದ್ದು?"

"ಎಲ್ಲರಿಗೂ," ಎಂದ ಅವನು.

ಆಕೆ ನಕ್ಕಳು. ದವಡೆ ಪೂರ್ತಿ ಅಲುಗಿತು. ಕಿವಿಯ ಅಂಚಿನಿಂದ ಮುದ್ದೆ ಹೊರಗುಕ್ಕಿ ಕೆನ್ನೆಯ ಪಕ್ಕ ಇಳಿಯಿತು.

"ನನಗೆ ಹೇಳಿದ್ದು," ಎಂದಳು. "ನಾನು ಅವನ ಅಕ್ಕ."

ಅವನು ಕೆಟ್ಟ ಅಚ್ಚನ್ನು ಆಕೆಯ ಕಿವಿಯಿಂದ ಹೊರಗೆಳೆದು ತಟ್ಟೆಯಲ್ಲಿಟ್ಟ. ಅವನಿಗಾದದ್ದು ಸಂತೋಷ ಎಂದೇ ಹೇಳಬೇಕು. ಗರಗಸನ ರಕ್ತ ಹಂಚಿಕೊಂಡವಳು ತನ್ನ ಕುರ್ಚಿಯಲ್ಲಿ, ತನ್ನ ಹತ್ತಿ, ತನ್ನ ಸಿರಿಂಜು! ಆಕೆ ಇಲ್ಲಿಗೆ ಯಾಕೆ ಬಂದಿರಬಹುದೆಂಬ ಯೋಚನೆ ಆ ಗಳಿಗೆಯಲ್ಲಿ ಅವನ ಹತ್ತಿರವೂ ಸುಳಿಯಲಿಲ್ಲ.

ಹದಿನಾರನೆಯ ವಯಸ್ಸಿನ ತನಕ ಅವನು ಎಲ್ಲದಕ್ಕೂ 'ಆಯ್ತು' ಎನ್ನುವ ಹುಡುಗನಾಗಿದ್ದ. ಅಪ್ಪ ಬೈದರೆ ಆಯ್ತು, ಮೇಷ್ಟ್ರು ಹೊಡೆದರೆ ಆಯ್ತು, ಅಣ್ಣ ತನ್ನ ಹಳೇ ಚಪ್ಪಲಿ ಕೊಟ್ಟರೆ ಅದಕ್ಕೂ ಆಯ್ತು. ಒಂದು ಸಂಜೆ ಯಾರೋ ಗೆಳೆಯ ಎಳೆದುಕೊಂಡು ಹೋದನೆಂದು ಸಿಮೆಂಟ್ ಗೋಡೌನೊಂದರೊಳಗೆ ಹೋದ. ಅಲ್ಲಿ ನಾಲ್ಕು ಜನ ಹರಕು ಬಟ್ಟೆಯವರು ಕಿವಿ ಕಿತ್ತುಹೋಗುವ ಹಾಗೆ ಬಾರಿಸುತ್ತಿದ್ದರು. ತಂಡದ ಹೆಸರು 'ಹರಕು ಬಾಯಿ'. ನಡುವೆ ನಿಂತ ಸಣಕಲ, ಮೊಳೆಗೆ ಸಿಕ್ಕಿಹಾಕಿಕೊಂಡ ಗರಗಸದಂಥ ದನಿಯವನು, ಒಂದು ಗಂಟೆಯ ಉದ್ದಕ್ಕೂ ಒಂದೇ ಮಾತನ್ನು ನೂರು ಬಗೆಯಲ್ಲಿ ಕೂಗಿದ. ಆಗಲ್ಲ. ಬರಲ್ಲ. ಕೊಡಲ್ಲ. ಕೇಳಲ್ಲ. ಹುಡುಗ ಮನೆಗೆ ಬಂದು ಊಟಕ್ಕೆ ಕೂತು, ಅಣ್ಣ ನೀರು ತಾ ಎಂದಾಗ, ಮೊದಲ ಸಲ ಅಲುಗದೆ ಕೂತ. ಕಪಾಳಕ್ಕೆ ಬಿತ್ತು. ಅದು ಅವನ ಬಾಳಿನ ಅತ್ಯಂತ ಒಳ್ಳೆಯ ಊಟವಾಗಿತ್ತು.

ಆಮೇಲೆ ವರ್ಷಗಳು ಹೋದವು. ಅವನು ಕಿವಿಯ ಯಂತ್ರ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಹರಕು ಬಾಯಿ ತಂಡ ಒಡೆಯಿತು, ಕೂಡಿತು, ಮತ್ತೆ ಒಡೆಯಿತು. ಗರಗಸನ ಶ್ವಾಸಕೋಶ ಕೆಟ್ಟಿತು. ಕೊನೆಗೆ, ಹಾಸಿಗೆ ಹಿಡಿದ ಮೇಲೆ, ಒಂದು ಆಲ್ಬಮ್ ಮಾಡಿದ. ಅದರ ಹೆಸರು 'ಚಿಲ್ಲರೆ ಇಲ್ಲ'. ಅದು ಹೊರಬರುವ ಮೊದಲೇ ಸತ್ತ.

ಸತ್ತವನ ಆಲ್ಬಮ್ಮನ್ನು ಜನ ಕನಿಕರದಿಂದ ಕೇಳಿದರು, ಕನಿಕರದಿಂದಲೇ ಮರೆತರು. ಮುಂಚಿನ ಬಿರುಸಿಲ್ಲ, ಉಸಿರೇ ಇಲ್ಲ, ಪಾಪ ಎಂದರು. ಕಿವಿಯಂಗಡಿಯ ಅವನೊಬ್ಬ ಮಾತ್ರ ಬಿಡಲಿಲ್ಲ. ಅಂಗಡಿಯಲ್ಲಿ ಕಿವಿ ಪರೀಕ್ಷೆಗೆಂದು ಸ್ಪಂಜಿನ ಗೋಡೆಯ, ಎರಡು ಪದರ ಗಾಜಿನ ಪುಟ್ಟ ಗೂಡು ಇತ್ತು. ಹೊರಗೆ ಲಾರಿ ಹೋದರೂ ಒಳಗೆ ಸದ್ದಿಲ್ಲ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅವನು ಆ ಗೂಡಿನಲ್ಲಿ ಕೂತು, ಪರೀಕ್ಷೆಯ ಹೆಡ್‌ಫೋನ್ ಹಾಕಿಕೊಂಡು, 'ಚಿಲ್ಲರೆ ಇಲ್ಲ' ಕೇಳುತ್ತಿದ್ದ. ಕೇಳಿ ಕೇಳಿ, ಅದರ ಬಗ್ಗೆ ಒಂದು ಬರಹ ಬರೆದು ಇಂಟರ್‌ನೆಟ್‌ನಲ್ಲಿ ಹಾಕಿದ.

ಆ ಬರಹದಲ್ಲಿ ಸುಳ್ಳಿನ ಹೊಗಳಿಕೆ ಇರಲಿಲ್ಲ. ಉಸಿರಿಲ್ಲ ಎಂದವರಿಗೆ ಅವನು ಬರೆದದ್ದು ಹೀಗೆ: ಈ ಆಲ್ಬಮ್ಮಿನಲ್ಲಿ ಇರುವುದೇ ಉಸಿರು. ಹಳೆಯ ಗರಗಸ ಒಂದೇ ಉಸಿರಿಗೆ ನಾಲ್ಕು ಸಾಲು ಹೇಳುತ್ತಿದ್ದ. ಈಗ ಒಂದು ಸಾಲಿಗೆ ನಾಲ್ಕು ಸಲ ಉಸಿರೆಳೆದುಕೊಳ್ಳುತ್ತಾನೆ, ಆ ಎಳೆತವನ್ನು ಅಳಿಸದೆ ತಾಳದೊಳಗೇ ಇಟ್ಟಿದ್ದಾನೆ, ಅದೇ ಇಲ್ಲಿಯ ಡ್ರಮ್ಮು. 'ಮುಂದಿನ ಕೌಂಟರ್' ಹಾಡಿನಲ್ಲಿ 'ನಿಂತು ನಿಂತು ಕಾಲೇ ಬೇರು ಬಿಟ್ಟಿತು, ಗಾಜಿನ ಹಿಂದಿನ ಬಾಯಿ ಬೇರೆ ಕಡೆ ಹೋಗೆಂದಿತು' ಎಂಬ ಸಾಲಿಗೆ ಒಂದು ಮಾತ್ರೆ ಮೊದಲೇ ನುಗ್ಗಿಬಿಡುತ್ತಾನೆ. ತಪ್ಪು. ಅದನ್ನು ತಿದ್ದಿಲ್ಲ. ಸರದಿಯಲ್ಲಿ ನಿಂತವನು ತಾಳ್ಮೆ ಕೆಟ್ಟು ಮುಂದೆ ನುಗ್ಗಿದ ಹಾಗೆಯೇ ಇದೆ. 'ನಿಮ್ಮ ಕರೆ ನಮಗೆ ಮುಖ್ಯ' ಹಾಡಿನಲ್ಲಿ ಆ ಒಂದೇ ವಾಕ್ಯವನ್ನು ಮೊದಲು ಯಂತ್ರದ ಹುಡುಗಿಯ ದನಿಯಲ್ಲಿ, ಆಮೇಲೆ ತಮಾಷೆಯಲ್ಲಿ, ಆಮೇಲೆ ಬೇಡಿಕೊಳ್ಳುವ ದನಿಯಲ್ಲಿ ಹೇಳುತ್ತ ಹೋಗಿ, ಕೊನೆಗೆ ದನಿ ಒಡೆದು ಬರೀ ಗಾಳಿ ಬರುತ್ತದೆ. ತನ್ನ ಮೈಯನ್ನು ಇಷ್ಟು ನಾಚಿಕೆಯಿಲ್ಲದೆ ಬಿಚ್ಚಿಟ್ಟ ಹಾಡುಗಾರ ಇನ್ನೊಬ್ಬನಿಲ್ಲ.

ಇಷ್ಟೇ ಬರೆದಿದ್ದರೆ ಅದು ಒಂದು ಒಳ್ಳೆಯ ಬರಹವಾಗಿ ಹತ್ತು ಜನ ಓದಿ ಮುಗಿಯುತ್ತಿತ್ತು. ಆದರೆ ಅವನಿಗೆ ಗೂಡಿನಲ್ಲಿ ಕೂತಾಗ ಇನ್ನೊಂದು ಕೇಳಿಸಿತ್ತು. ಕೊನೆಯ ಹಾಡು ಮುಗಿದ ಮೇಲೂ ಗಿಟಾರಿನ ಆಂಪ್, ಅದರ ಸದ್ದು ಹಿಗ್ಗಿಸುವ ಪೆಟ್ಟಿಗೆ, ಗುಂಯ್‌ಗುಡುತ್ತಿರುತ್ತದೆ. ಆ ಗುಂಯ್ ಕಡಿದುಹೋಗುವ ಹೊತ್ತಿಗೆ ಸರಿಯಾಗಿ, ಅದರ ಬಾಲಕ್ಕೆ ಅಂಟಿಕೊಂಡ ಹಾಗೆ, ಒಂದು ಮಾತು. ಹಾಡಿನದಲ್ಲ, ಸಾದಾ ದನಿ. ಸಾಕು. ಆಮೇಲೆ ಏನೂ ಇಲ್ಲ. ಅದನ್ನು ಅವನಿಗಿಂತ ಮುಂಚೆ ಯಾರೂ ಗಮನಿಸಿರಲಿಲ್ಲ. ಬರಹದ ಅರ್ಧಭಾಗವನ್ನು ಅವನು ಆ ಎರಡು ಅಕ್ಷರಕ್ಕೇ ಕೊಟ್ಟ. ಬಾಳಿಡೀ ಆಗಲ್ಲ ಎಂದವನು ಸಾವಿಗೂ ಬಗ್ಗದೆ, ಬೇಡದೆ, ಕೌಂಟರಿನ ಮುಂದಿನಿಂದ ತಾನೇ ಎದ್ದುಹೋದ ಮಾತು ಅದು ಎಂದ. ಜನ ಮತ್ತೆ ಆಲ್ಬಮ್ ತೆಗೆದರು, ಕಿವಿ ನಿಮಿರಿಸಿ ಕೊನೆ ಕೇಳಿದರು. ಹೌದಲ್ಲ ಎಂದರು. ಗೋಡೆಗಳ ಮೇಲೆ ಬಂತು. ಟೀ ಶರ್ಟಿನ ಮೇಲೆ ಬಂತು. ಮೈಮೇಲೆ ಹಚ್ಚೆಯಾಯಿತು. ಅಭಿಮಾನಿಗಳ ನಡುವೆ ಅವನಿಗೆ ಹೆಸರೇ ಬಿತ್ತು: ಕಿವಿ. ಈಗ ಆ ಆಲ್ಬಮ್ ದೊಡ್ಡ ಕಪ್ಪು ತಟ್ಟೆಯ ರೆಕಾರ್ಡಾಗಿ ಮತ್ತೆ ಬರಲಿತ್ತು, ಒಳಗಿನ ಲಕೋಟೆಯ ಮೇಲೆ ಅವನ ಬರಹದೊಂದಿಗೆ.

ಗರಗಸನ ಅಕ್ಕ ಅದಕ್ಕೇ ಬಂದಿದ್ದಳು.

"ಡಬ್ಬ ಮನೆಗೆ ಬಂದಿದ್ದ, ಹಳೇ ಫೋಟೋ ಕೇಳೋಕೆ," ಎಂದಳು. ಡಬ್ಬ ಎಂದರೆ ಹರಕು ಬಾಯಿಯ ಡ್ರಮ್ಮಿನವನು. ಈಗ ರೆಕಾರ್ಡು ಹೊರತರುವವನೂ ಅವನೇ. "ಬರೆದವನು ಕಿವಿ ಮಿಷಿನ್ ಅಂಗಡೀಲಿ ಇದ್ದಾನೆ ಅಂದ. ಮಿಲ್ಲಿನ ಡಾಕ್ಟ್ರು ಮಿಷಿನ್ ಹಾಕ್ಕೋ ಅಂತ ಎಷ್ಟು ದಿನದಿಂದ ತಲೆ ತಿಂತಿದ್ರು. ಸರಿ, ಒಂದೇ ಬಸ್ಸಲ್ಲಿ ಎರಡು ಕೆಲಸ ಆಗುತ್ತೆ ಅಂತ ಬಂದೆ."

ಆಕೆ ನೂಲಿನ ಮಿಲ್ಲಿನಲ್ಲಿ ದುಡಿದವಳು. ಅಲ್ಲಿಯ ಹೆಂಗಸರು ಯಂತ್ರಗಳ ಸದ್ದಿನಲ್ಲಿ ಒಬ್ಬರ ತುಟಿ ಒಬ್ಬರು ಓದಿಯೇ ಅತ್ತೆಯ ದೂರು, ಗಂಡನ ಕುಡಿತ, ಸೀರೆಯ ರೇಟು ಎಲ್ಲವನ್ನೂ ಮಾತಾಡಿಕೊಳ್ಳುವವರು. ಕಿವಿ ಹೋದದ್ದು ಆಕೆಗೆ ಗೊತ್ತಾಗಿದ್ದೇ ತಡವಾಗಿ.

"ರೆಕಾರ್ಡ್ ಮಾಡಿದ್ದು ನಮ್ಮ ಮನೆ ಹಿಂದಿನ ರೂಮಲ್ಲಿ. ಅವನಿಗೆ ಏಳೋಕಾಗ್ತಿರಲಿಲ್ಲ. ಹಾಡು ಮುಗೀತು, ಗಿಟಾರಿನ ಪೆಟ್ಟಿಗೆ ಬಡ್ಕೋತಾ ಇತ್ತು. ಮಗು ಬಾಗಿಲ ಹತ್ರ ಎರಡೂ ಕಿವಿ ಮುಚ್ಚಿಕೊಂಡು ನಿಂತಿತ್ತು. ಅವನ ಮಗಳು. ಆಗ ಐದು ವರ್ಷ."

"ಮಗಳಾ?"

"ನಿಮ್ಮ ಬರಹದಲ್ಲಿಲ್ಲ ಅಲ್ವಾ. ಅವನ ಹಾಡಲ್ಲೂ ಇಲ್ಲ. ಹೆತ್ತವಳು ವರ್ಷ ತುಂಬೋ ಮೊದಲೇ ಹೋದಳು. ಅವನು ಮಗೂನ ನೋಡಿದ. ಆಮೇಲೆ ನನ್ನ ನೋಡಿದ. 'ಅವಳನ್ನ ನೀನೇ ಸಾಕು' ಅಂದ. ಅಷ್ಟೇ ಅವನು ಹೇಳಿದ್ದು."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಆ ಎರಡು ಅಕ್ಷರ ಅವನ ಮಣಿಕಟ್ಟಿನ ಮೇಲೆಯೇ ಮಗ್ಗುಲು ಬದಲಾಯಿಸಿ ಮಲಗಿದ ಹಾಗೆ ಆಯಿತು. ಸಾಕು ಎಂದರೆ ಇನ್ನು ಬೇಡ. ಸಾಕು ಎಂದರೆ ಸಲಹು, ಬೆಳೆಸು. ಬರೆದರೂ ಅದೇ, ಉಚ್ಚರಿಸಿದರೂ ಅದೇ. ದಿನಕ್ಕೆ ಹತ್ತು ಜನರ ಕಿವಿಗೆ ಪದ ಹೇಳಿ ಸರಿಯೋ ತಪ್ಪೋ ಎಂದು ಗುರುತು ಹಾಕುವವನಿಗೆ ಅದು ತಲೆಗೇ ಹೋಗಿರಲಿಲ್ಲ.

"ನಿಮಗೆ ಹೇಗೆ ಕೇಳಿಸಿತು?" ಎಂದ. ಕೇಳಿದ ಮೇಲೆ ಅದು ಎಷ್ಟು ಹೊಲಸು ಪ್ರಶ್ನೆ ಎಂದು ಅವನಿಗೇ ಅನ್ನಿಸಿತು.

"ಕೇಳಿಸಲಿಲ್ಲ. ನೋಡಿದೆ."

ಅವನು ರಟ್ಟಿನ ಹಲಗೆಯನ್ನು ಬಾಯಿಗೆ ಅಡ್ಡ ಹಿಡಿದು ಪರೀಕ್ಷೆಯ ಪದ ಹೇಳಿದ. ಕಾಗೆ. ಬಾಗಿಲು. ಹಗ್ಗ. ಆಕೆ ಸುಮ್ಮನೆ ಕೂತಿದ್ದಳು. ಹಲಗೆ ತೆಗೆದು, ದನಿ ಹೊರಡಿಸದೆ, ಬರೀ ತುಟಿಯಲ್ಲಿ 'ನಾಳೆ ಬನ್ನಿ, ಅಂಗಡಿ ಮುಚ್ಚಿದೆ' ಎಂದ.

"ನಾಳೆ ಬನ್ನಿ, ಅಂಗಡಿ ಮುಚ್ಚಿದೆ," ಎಂದಳು ಆಕೆ. "ಅಪ್ಪ, ಅಮ್ಮ ಅನ್ನೋದು ಮಾತ್ರ ನನಗೆ ಗೊತ್ತಾಗಲ್ಲ. ಎರಡಕ್ಕೂ ತುಟಿ ಒಂದೇ ಥರ ಕೂಡುತ್ತೆ. ಬೇರೆ ಎಲ್ಲಾ ಗೊತ್ತಾಗುತ್ತೆ. ಪರೀಕ್ಷೆ ಮುಗೀತಾ?"

ಅವನು ಹಲಗೆ ಕೆಳಗಿಟ್ಟ.

"ನೋಡಪ್ಪ," ಎಂದಳು, ಆಗಲೇ ಬಹುವಚನ ಬಿಟ್ಟು. "ಅವನು ಪ್ರೀತಿಯಿಂದ ಹೇಳಿದ ಅಂತ ನಾನೇನೂ ಅನ್ನಲ್ಲ. ಬಾಗಿಲು ಹಾಕ್ಕೋ ಅನ್ನೋ ಹಾಗೆ ಹೇಳಿದ. ನನ್ನ ತಲೆ ಮೇಲೆ ಹೇರಿ ಹೋದ. ನನಗೂ ಒಂದು ಬದುಕು ಇತ್ತು, ನೋಡೋಕೆ ಬರೋರಿದ್ರು, ಅದೆಲ್ಲ ಬಿಡು. ಅವನ ಮಾತು ಮುಗಿಯೋದಕ್ಕೂ ಡಬ್ಬ ಆ ಪೆಟ್ಟಿಗೆ ಆರಿಸೋದಕ್ಕೂ ಸರಿಹೋಯ್ತು. ಮಗು ಕಿವಿಯಿಂದ ಕೈ ತೆಗೀತು. ಅದಕ್ಕೆ ಕೇಳಿಸಿದ್ದೂ ನಿನಗೆ ಕೇಳಿಸಿದಷ್ಟೇ. ಅಪ್ಪ ತನ್ನ ಕಡೆ ನೋಡಿ, ಸಾಕು ಅಂದ. ಮಾರನೇ ವಾರ ಸತ್ತ. ಅವಳ ತಲೇಲಿ ಅದೇ ಕೂತಿದೆ. ಈಗ ಹನ್ನೊಂದು. ಶಾಲೆ ಗೇಟಲ್ಲಿ ಯಾರಾದ್ರೂ ಆ ಶರ್ಟ್ ಹಾಕ್ಕೊಂಡು ನಿಂತಿದ್ರೆ ಹಿಂದಿನ ದಾರೀಲಿ ಬರ್ತಾಳೆ."

"ನೀವು ಹೇಳಲಿಲ್ವಾ?"

"ಹೇಳದೇ ಇರ್ತೀನಾ? ಅತ್ತೆ, ನಿನಗೆ ಕಿವೀನೇ ಕೇಳಲ್ಲ ಅಂತಾಳೆ. ನಾನು ಸಮಾಧಾನಕ್ಕೆ ಹೇಳ್ತೀನಿ ಅಂತ ಅವಳ ಲೆಕ್ಕ. ನಿನ್ನ ಬರಹ ಮಾತ್ರ ಬಾಯಿಪಾಠ. ಲೋಕಕ್ಕೆಲ್ಲ ಆ ಮಾತು ಕೇಳಿಸಿದವನು ನೀನು. ತಪ್ಪು ಕೇಳಿಸಿಕೊಂಡೆ ಅಂತ ನೀನೇ ಬರೆದರೆ ನಂಬ್ತಾಳೆ. ಅದೇ ರೆಕಾರ್ಡಲ್ಲಿ, ಅದೇ ಜಾಗದಲ್ಲಿ ಬರಿ. ನನಗೆ ಬೇರೆ ಏನೂ ಬೇಡ."

"ಬರೀತೀನಿ ಅಕ್ಕ," ಎಂದ ಅವನು. ಆ ಹೊತ್ತಿನಲ್ಲಿ ಅದು ಪೂರ್ತಿ ನಿಜವಾಗಿತ್ತು. ಆಮೇಲೆ ಹೊಸದಾಗಿ ಮುದ್ದೆ ಕಲಸಿ ಆಕೆಯ ಕಿವಿಗೆ ತುಂಬಿದ. ಈ ಸಲ ಆಕೆ ತುಟಿ ಪಿಟಕ್ಕೆನ್ನಲಿಲ್ಲ. ಅಚ್ಚು ಚೆನ್ನಾಗಿ ಬಂತು.

ಡಬ್ಬನ ಆಫೀಸು ಟೈರ್ ಅಂಗಡಿಯೊಂದರ ಮಹಡಿಯಲ್ಲಿತ್ತು. ಕೆಳಗಿನಿಂದ ರಬ್ಬರಿನ ವಾಸನೆ, ಗಾಳಿ ತುಂಬುವ ಯಂತ್ರದ ಬುಸುಗುಟ್ಟುವಿಕೆ. ಒಳಗೆ ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು. ಒಂದರ ಬಾಯಿ ತೆರೆದು ಕಪ್ಪು ಶರ್ಟುಗಳು ಇಣುಕುತ್ತಿದ್ದವು, ಎದೆಯ ಮೇಲೆ ಅದೇ ಎರಡು ಅಕ್ಷರ. ಡಬ್ಬ ಈಗ ಬೊಜ್ಜು ಬೆಳೆಸಿ, ಓದುವ ಕನ್ನಡಕ ಹಾಕಿ, ಬ್ಯಾಂಕಿನವನಂತೆ ಕಾಣುತ್ತಿದ್ದ. ಮೇಜಿನ ಮೇಲೆ ಎರಡೂ ತೋರುಬೆರಳಿನಿಂದ ತಾಳ ಹಾಕುವ ಚಟ ಮಾತ್ರ ಉಳಿದಿತ್ತು.

ಅವನು ಅಕ್ಕ ಹೇಳಿದ್ದನ್ನೆಲ್ಲ ಹೇಳಿದ. ಡಬ್ಬ ನಡುವೆ ಬಾಯಿ ಹಾಕದೆ ಕೇಳಿದ.

"ಅಕ್ಕನಿಗೆ ಕಿವಿ ಕೇಳಲ್ಲಪ್ಪ," ಎಂದ ಕೊನೆಗೆ. "ಅದು ನಿನಗೇ ಚೆನ್ನಾಗಿ ಗೊತ್ತು, ಪರೀಕ್ಷೆ ಮಾಡಿದವನು ನೀನೇ."

"ತುಟಿ ನೋಡಿದ್ದಾರೆ. ಹಾಡೋ ಮೈಕಿನ ಟ್ರ್ಯಾಕ್ ಬೇರೆ ಇರುತ್ತಲ್ಲ? ಗಿಟಾರ್ ಬೆರೆಸದೇ ಇರೋದು. ಅದು ಕೇಳಿದ್ರೆ ಮುಗೀತು."

ಡಬ್ಬನ ಬೆರಳು ನಿಂತವು. "ಕೇಳಿ ಏನು ಮಾಡ್ತೀಯ?"

"ಕೇಳ್ತೀನಿ."

ಡಬ್ಬ ಕಂಪ್ಯೂಟರಿನಲ್ಲಿ ಹುಡುಕುವ ನಾಟಕವನ್ನೇನೂ ಮಾಡಲಿಲ್ಲ. ಅದು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಹೆಡ್‌ಫೋನ್ ಈ ಕಡೆ ನೂಕಿದ.

ಗಿಟಾರಿಲ್ಲ, ಡ್ರಮ್ಮಿಲ್ಲ. ಒಂದು ಕೋಣೆ. ಮಂಚದ ಕಿರುಗುಟ್ಟುವಿಕೆ. ದೂರದಲ್ಲಿ ಆಂಪಿನ ಗುಂಯ್, ಸೊಳ್ಳೆಯಷ್ಟೇ. ಗರಗಸ ಉಸಿರೆಳೆದುಕೊಳ್ಳುತ್ತಾನೆ, ಕೆಮ್ಮುತ್ತಾನೆ. ಆಮೇಲೆ, ಬೆಳಕಿನಷ್ಟು ಸ್ಪಷ್ಟವಾಗಿ: "ಅವಳನ್ನ ನೀನೇ ಸಾಕು." ಅದರ ಹಿಂದೆಯೇ ಅಕ್ಕನ ದನಿ, ಕಿವಿ ಮಂದವಾದವರ ಆ ಜೋರು ದನಿ: "ಆಯ್ತು. ಮೊದಲು ಮಾತ್ರೆ ತಗೋ." ಲೋಟ ಇಟ್ಟ ಸದ್ದು. ಮುಗಿಯಿತು.

ಅವನು ಇನ್ನೊಂದು ಸಲ ಹಾಕಿಸಿಕೊಂಡ. ಮತ್ತೊಂದು ಸಲ. ಮೂರನೆಯ ಸಲಕ್ಕೆ ಕಣ್ಣು ತುಂಬಿತು. ಆ ಮಗುವಿಗಾಗಿ ಅಲ್ಲ, ಗರಗಸನ ಹೊಸ ದನಿಯೊಂದು, ಲೋಕದಲ್ಲಿ ಯಾರೂ ಕೇಳದ ದನಿ, ತನ್ನ ಕಿವಿಯಲ್ಲಿದೆಯಲ್ಲ ಎಂದು. ಅದು ಅವನಿಗೂ ಗೊತ್ತಾಯಿತು, ಗೊತ್ತಾಗಿ ಮುಜುಗರವಾಯಿತು, ಆದರೂ ಹೆಡ್‌ಫೋನ್ ತೆಗೆಯಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತಾ?" ಎಂದ ಆಮೇಲೆ.

"ಆಂಪ್ ಆರಿಸಿದ್ದೇ ನಾನು. ಆಲ್ಬಮ್ಮಿಗೆ ಹಾಡನ್ನ ಅದು ಆರಿದಲ್ಲಿಗೇ ಕತ್ತರಿಸಿದೆ. ಒಂದು ಗಳಿಗೆ ಮುಂಚೆ ಆರಿಸಿದ್ರೆ ಪೂರ್ತಿ ಬರ್ತಿತ್ತು, ಒಂದು ಗಳಿಗೆ ತಡ ಆಗಿದ್ರೆ ಏನೂ ಬರ್ತಿರಲಿಲ್ಲ. ನನಗೆ ಅದು ಅಲ್ಲಿರೋದೇ ಮರೆತುಹೋಗಿತ್ತು. ನೀನು ಬರೆದ ಮೇಲೆ ತೆಗೆದು ಕೇಳಿದೆ."

"ಕೇಳಿ ಸುಮ್ಮನಿದ್ದೆ."

"ನೀನು ಅಷ್ಟು ಚೆನ್ನಾಗಿ ಬರೆದಿದ್ದೆ ಮತ್ತೆ," ಎಂದ ಡಬ್ಬ. ಅದರಲ್ಲಿ ವ್ಯಂಗ್ಯವಿದೆಯೋ ಇಲ್ಲವೋ ತಿಳಿಯಲಿಲ್ಲ. "ನೋಡು ಕಿವಿ, ಒಂದು ಮಾತು ಹೇಳ್ತೀನಿ. ಈ ಆಲ್ಬಮ್ ಸತ್ತು ಹೋಗಿತ್ತು. ನೀನು ಎಬ್ಬಿಸಿದೆ. ಜನ ಕೈ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾರೆ. ಒಬ್ಬಳು ಕುಡುಕ ಗಂಡನ್ನ ಬಿಟ್ಟು ಬರೋ ದಿನ ಅದನ್ನ ಬಾಗಿಲ ಮೇಲೆ ಬರೆದು ಬಂದೆ ಅಂತ ಪತ್ರ ಹಾಕಿದ್ದಾಳೆ. ಅವಳಿಗೆ ಏನು ಹೇಳೋಣ? ಅಮ್ಮಾ, ನೀನು ಬಾಗಿಲ ಮೇಲೆ ಮಗು ನೋಡ್ಕೋ ಅಂತ ಬರೆದು ಬಂದಿದ್ದೀಯ ಅಂತಾನಾ?"

ಅವನಿಗೆ ನಗು ಬಂತು, ಬೇಡದಿದ್ದರೂ ಬಂತು. ಡಬ್ಬನೂ ನಕ್ಕ. ಕೆಳಗೆ ಯಾರೋ ಟೈರನ್ನು ನೆಲಕ್ಕೆ ಕುಕ್ಕಿದರು, ಕಿಟಕಿಯ ಗಾಜು ಅದುರಿತು. ನಕ್ಕ ಮೇಲೆ ಜಗಳ ಆಡುವುದು ಕಷ್ಟ. ಡಬ್ಬನಿಗೆ ಅದು ಗೊತ್ತಿತ್ತು.

"ಆ ಹುಡುಗಿಗೆ ಮಾತು ಕೊಟ್ಟಿದ್ದೀನಿ. ಅಂದ್ರೆ, ಅವಳ ಅತ್ತೆಗೆ."

"ಹುಡುಗಿಗೆ ನಾವೆಲ್ಲ ಇದ್ದೀವಿ. ನಾನೇ ಹೋಗಿ ಹೇಳ್ತೀನಿ ಬೇಕಾದ್ರೆ." ಡಬ್ಬ ಎದ್ದು ದೊಡ್ಡದೊಂದು ಹಾಳೆ ತಂದು ಮೇಜಿನ ಮೇಲೆ ಹಾಸಿದ. ಲಕೋಟೆಯ ಮಾದರಿ. ಎಡಕ್ಕೆ ಮಂಚದ ಮೇಲೆ ಒರಗಿ ಗಿಟಾರ್ ಹಿಡಿದ ಗರಗಸನ ಕಪ್ಪು ಬಿಳುಪು ಚಿತ್ರ. ಬಲಕ್ಕೆ ಅವನ ಬರಹ, ಎರಡು ಕಾಲಮ್ಮು. ಕೆಳಗೆ ಅವನ ಹೆಸರು, ಗರಗಸನ ಮೊಣಕೈಗೆ ತಾಗುವಷ್ಟು ಹತ್ತಿರ. "ಹೀಗೇ ಹೋಗಬೇಕು ಅಂತ ನನ್ನ ಆಸೆ. ನಿನಗೆ ಮನಸ್ಸು ಒಪ್ಪಲ್ಲ ಅಂದ್ರೆ ಬಲವಂತ ಇಲ್ಲ. ಇನ್ನೊಬ್ಬರ ಹತ್ರ ಬರೆಸ್ತೀನಿ. ಬರೆಯೋರಿಗೇನು ಬರ."

ಅವನು ಹಾಳೆ ನೋಡುತ್ತ ನಿಂತ. ಆ ಮೊಣಕೈಯನ್ನು ನೋಡಿದ. ಹದಿನಾರರ ವಯಸ್ಸಿನಲ್ಲಿ ಗೋಡೌನಿನ ಹಿಂದಿನ ಸಾಲಿನಿಂದ ನೋಡಿದ ಮೊಣಕೈ. ಇನ್ಯಾರದೋ ಹೆಸರು ಅಲ್ಲಿ ಕೂತರೆ ಆ ಹೆಸರನ್ನು ತಾನು ಸಾಯುವ ತನಕ ದ್ವೇಷಿಸುತ್ತೇನೆ ಎಂದು ಅವನಿಗೆ ಖಚಿತವಾಗಿತ್ತು.

"ಒಂದು ವಾಕ್ಯ ಸೇರಿಸೋಣ," ಎಂದ. "ಒಂದೇ ಒಂದು."

ಅದಕ್ಕೂ ಜಗಳವಾಯಿತು. ಮಗಳು ಎನ್ನುವ ಪದ ಬೇಡ ಎಂದ ಡಬ್ಬ, ಬದುಕಿರುವ ಮಗುವನ್ನು ಮಾರಾಟಕ್ಕೆ ಇಡುವುದು ಬೇಡ ಎಂದ. ಕೇಳಿದರೆ ಎಷ್ಟು ಸಭ್ಯವಾದ ಮಾತು! ಅಕ್ಕ ಎನ್ನುವುದೂ ಬೇಡ, ಪತ್ರಿಕೆಯವರು ಹೋಗಿ ಬಾಗಿಲು ತಟ್ಟುತ್ತಾರೆ. ತಪ್ಪು ಕೇಳಿಸಿಕೊಂಡೆ ಎನ್ನುವುದಂತೂ ಸಾಧ್ಯವೇ ಇಲ್ಲ, ಉಳಿದ ಬರಹದ ಕಾಲು ಮುರಿದ ಹಾಗೆ. ಹೀಗೆ ಕಳೆದು ಕಳೆದು, ಸಂಜೆಯ ಹೊತ್ತಿಗೆ ಉಳಿದದ್ದು ಇದು: 'ಈ ಮಾತಿಗೆ ಬೇರೆ ಅರ್ಥಗಳೂ ಇರಬಹುದೆಂದು ಗರಗಸನ ಹತ್ತಿರದವರು ಹೇಳುತ್ತಾರೆ.' ಅಡ್ಡಗೋಡೆಯ ಮೇಲೆ ದೀಪ ಇಡುವ ವಾಕ್ಯ. ಆದರೆ ಅಷ್ಟು ಹೊತ್ತು ಗುದ್ದಾಡಿದ್ದರಿಂದ ಅದು ಅವನಿಗೆ ಗೆಲುವಿನ ಹಾಗೆಯೇ ಕಂಡಿತು.

"ಆಯ್ತು," ಎಂದ.

ಹೊರಡುವಾಗ ಡಬ್ಬ ಅವನ ಫೋನಿಗೆ ಆ ತುಣುಕನ್ನು ಕಳಿಸಿದ. "ನಿನಗೋಸ್ಕರ. ಹೊರಗೆ ಬಿಡಬೇಡ. ನಿನ್ನಷ್ಟು ಅವನನ್ನ ಪ್ರೀತಿಸಿದವರು ಯಾರೂ ಇಲ್ಲ, ಅದಕ್ಕೆ ಕೊಡ್ತಿದ್ದೀನಿ."

ಆಮೇಲಿನ ದಿನಗಳಲ್ಲಿ ಅವನು ಗೂಡಿನಲ್ಲಿ ಕೂತು ಆ ತುಣುಕು ಎಷ್ಟು ಸಲ ಕೇಳಿದನೋ ಲೆಕ್ಕವಿಲ್ಲ. ಇಂಟರ್‌ನೆಟ್‌ಗೆ ಹಾಕಿಬಿಡಬೇಕು ಎಂದು ಒಮ್ಮೆ ಬೆರಳು ಗುಂಡಿಯ ತನಕ ಹೋಯಿತು. ಡಬ್ಬನಿಗೆ ಮಾತು ಕೊಟ್ಟಿದ್ದೇನೆ ಎಂದುಕೊಂಡ. ಅಕ್ಕನಿಗೆ ಕೊಟ್ಟದ್ದೂ ಮಾತೇ ಎನ್ನುವುದು ನೆನಪಾಗದೇ ಇರಲಿಲ್ಲ, ಆದರೆ ಅದಕ್ಕೆ ಆ ವಾಕ್ಯ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡ. ಕಿವಿ ಯಂತ್ರ ತಯಾರಾಗಿ ಬಂದಾಗ ಅಕ್ಕನಿಗೆ ಸುದ್ದಿ ಕಳಿಸದೆ, ರೆಕಾರ್ಡು ಬರುವ ತನಕ ಕಪಾಟಿನಲ್ಲೇ ಇಟ್ಟ. ಎರಡನ್ನೂ ಒಟ್ಟಿಗೆ ಕೊಂಡುಹೋದರೆ ಚೆನ್ನ ಎಂದು ಅವನಿಗನ್ನಿಸಿತು. ಒಂದು ಒಳ್ಳೆಯದರ ಜೊತೆ ಇನ್ನೊಂದು ಸಾಗಿಹೋಗುತ್ತದೆ.

ಅಕ್ಕನ ಮನೆ ಮಿಲ್ಲಿನ ಸಾಲುಮನೆಗಳಲ್ಲಿ ಕೊನೆಯದು. ಭಾನುವಾರ ಮಧ್ಯಾಹ್ನ. ಅಂಗಳದ ಹಗ್ಗದಲ್ಲಿ ಶಾಲೆಯ ಸಮವಸ್ತ್ರ ಒಣಗುತ್ತಿತ್ತು. ಬಾಗಿಲು ತೆರೆದದ್ದು ಹುಡುಗಿ. ಗರಗಸನದೇ ಗದ್ದ, ಗರಗಸನದೇ ಯಾರಿಗೂ ಜಾಗ ಕೊಡದ ಭುಜ. ಅವಳು ಮೊದಲು ಅವನ ಮಣಿಕಟ್ಟು ನೋಡಿದಳು, ಆಮೇಲೆ ಮುಖ.

"ಅತ್ತೆ, ಅದನ್ನ ಬರೆದೋರು ಬಂದಿದ್ದಾರೆ," ಎಂದಳು ಒಳಗೆ ತಿರುಗಿ, ಕೂಗಿ.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ಅವನು ಮೊದಲು ಯಂತ್ರ ತೆಗೆದ. ಅಚ್ಚನ್ನು ಕಿವಿಗೆ ತಿರುಗಿಸಿ ಕೂರಿಸಿ, ದನಿ ಹೊಂದಿಸಿದ. ಆಕೆ ಬೆಚ್ಚಿದ ಹಾಗೆ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಇಷ್ಟು ದಿನ ಇದು ಹೀಗೇ ಸುರೀತಿತ್ತಾ?" ಎಂದಳು.

"ನಾನು ಹೇಳ್ತಾನೇ ಇದ್ದೆ," ಎಂದಳು ಹುಡುಗಿ.

ಅವನು ಕಿಟಕಿಯ ಕಡೆ ಮುಖ ಮಾಡಿ, ತುಟಿ ಕಾಣದ ಹಾಗೆ ನಿಂತು, ಮೆಲ್ಲಗೆ ಹೇಳಿದ: "ಅಂದುಕೊಂಡ ಹಾಗೆ ಪೂರ್ತಿ ಆಗಲಿಲ್ಲ ಅಕ್ಕ."

"ಏನು ಆಗಲಿಲ್ಲ?" ಎಂದಳು ಆಕೆ ಬೆನ್ನ ಹಿಂದಿನಿಂದ. ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಅವನು ಚೀಲದಿಂದ ರೆಕಾರ್ಡು ತೆಗೆದುಕೊಟ್ಟ. ಅಕ್ಕ ಲಕೋಟೆ ಹೊರಗೆಳೆದು ನಿಂತೇ ಓದಿದಳು. ಹುಡುಗಿ ಆಕೆಯ ತೋಳಿನ ಪಕ್ಕದಲ್ಲಿ ತಲೆ ತೂರಿಸಿ ಓದಿದಳು. ಅವಳಿಗೆ ಬಾಯಿಪಾಠವಾದ್ದರಿಂದ ಬೇಗ ಮುಗಿಯಿತು, ಹೊಸ ವಾಕ್ಯದ ಹತ್ತಿರ ಬಂದು ನಿಂತಳು. ಅಕ್ಕ ಹಿಂದಿನಿಂದ ಬಂದು ಅದೇ ವಾಕ್ಯಕ್ಕೆ ತಲುಪಿದಳು.

"ಹತ್ತಿರದವರು ಅಂದ್ರೆ ಯಾರು?" ಎಂದಳು.

"ನೀವೇ ಅಕ್ಕ."

"ನಾನು ಬೇರೆ ಅರ್ಥ ಇರಬಹುದು ಅಂದೆನಾ?"

ಅಕ್ಕ ಲಕೋಟೆಯನ್ನು ಮಡಚದೆ, ಬಿಸಾಡದೆ, ಕುರ್ಚಿಯ ಮೇಲೆ ಇಟ್ಟು ಒಳಗೆ ಹೋದಳು. ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ್ದು ಕೇಳಿಸಿತು. ಹೊರಗೆ ಬರಲಿಲ್ಲ.

ಹುಡುಗಿ ಅಲ್ಲೇ ನಿಂತಿದ್ದಳು.

"ನಿಮ್ಮತ್ತೆ ಹೇಳಿದ್ದು ನಿಜ," ಎಂದ ಅವನು ಅವಳಿಗೆ. "ಸಮಾಧಾನಕ್ಕೆ ಹೇಳಿದ್ದಲ್ಲ. ನಿನ್ನನ್ನ ಸಾಕು ಅಂತ ಅವರಿಗೆ ಹೇಳಿದ್ದು. ನಾನು ನನ್ನ ಕಿವಿಯಾರೆ ಕೇಳಿದ್ದೀನಿ."

"ಯಾವಾಗ?"

"ಇದು ಅಚ್ಚಿಗೆ ಹೋಗೋ ಮೊದಲು."

"ಮೊದಲೇ ಕೇಳಿದ್ರಾ?"

"ಹ್ಞೂಂ."

"ಮತ್ತೆ ಇದರಲ್ಲಿ ಹೀಗಿದೆ?"

"ಅದು, ಎಲ್ಲವನ್ನೂ ಬರೆಯೋಕೆ ಆಗಲ್ಲ ಪುಟ್ಟಿ. ದೊಡ್ಡವಳಾದ ಮೇಲೆ ಗೊತ್ತಾಗುತ್ತೆ." ಹೇಳುತ್ತಿದ್ದ ಹಾಗೆಯೇ ಆ ಮಾತು ಅವನ ಬಾಯಲ್ಲಿ ಹಳಸಿತು. ಅವನು ಅವಸರದಲ್ಲಿ ಜೇಬಿನಿಂದ ಫೋನ್ ತೆಗೆದ, ಇಯರ್‌ಫೋನಿನ ಗಂಟು ಬಿಡಿಸಿದ, ತುಣುಕು ಹುಡುಕಿದ. ಇದೊಂದು ಇದೆಯಲ್ಲ, ಎಲ್ಲ ಇದರಲ್ಲಿದೆ. ಉಸಿರು, ಕೆಮ್ಮು, ಮಂಚ, ಲೋಟ. ಲೋಕದಲ್ಲಿ ಮೂರನೆಯವರ ಹತ್ತಿರ ಇಲ್ಲದ್ದು. ಕೊಡುವಾಗ ಅವನಿಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು ಕೂಡ. "ತಗೋ. ನಿಮ್ಮಪ್ಪನದೇ ದನಿ. ಗಿಟಾರ್ ಇಲ್ಲ, ಏನೂ ಇಲ್ಲ. ಪೂರ್ತಿ ಮಾತು ಇದೆ. ನೀನೇ ಕೇಳು."

ಹುಡುಗಿ ಅವನ ಅಂಗೈಯಲ್ಲಿದ್ದ ಎರಡು ಬಿಳಿ ಗುಂಡಿಗಳನ್ನು ನೋಡಿದಳು. ಕುರ್ಚಿಯ ಮೇಲಿದ್ದ ಲಕೋಟೆಯನ್ನು ನೋಡಿದಳು.

"ಶಾಲೆ ಗೇಟಲ್ಲಿ ನಿಲ್ಲೋರಿಗೆ ಇದನ್ನ ಕೇಳಿಸ್ತೀರಾ?"

"ಅವರಿಗೆ ಬೇಡ. ಇದು ನಿನಗೊಬ್ಬಳಿಗೇ."

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನನಗೆ ಬೇಡ," ಎಂದಳು. "ಕೇಳಲ್ಲ."